ಎಡೆದೊರೆ ನಾಡಿನಲ್ಲಿ ಕೃಷಿ ವಿಜ್ಞಾನ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಿನ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಮುಂದೆ ಅದು ರಾಯಚೂರು ದೋಆಬ್ ಎನಿಸಿಕೊಂಡಿತು. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳೂ ಆ ಸುತ್ತಿನ ವಳಕಮದಿನ್ನಿಯಂಥ ಹಳ್ಳಿಗಳೂ ಈ ನಾಡಿಗೆ ಸೇರಿದವು. ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ.; ಅದೂ ನೆಚ್ಚಿಕೊಳ್ಳುವಂಥದ್ದಲ್ಲ. ಇಷ್ಟು ಕಡಿಮೆ ನೀರಿನ ನೆಲದಲ್ಲಿ ಸುಮಾರು ಐದು ಸಾವಿರ ವರ್ಷಗಳಿಂದ ಬೇಸಾಯ ನಡೆದಿದೆ. ಮಣ್ಣು ವಿಜ್ಞಾನ, ತಳಿ ವಿಜ್ಞಾನ, ಕೀಟಶಾಸ್ತ್ರ, ನೀರಾವರಿ ಶಾಸ್ತ್ರ ಎಂದು ಇಂದು ಬೇರೆ ಬೇರೆ ವಿಭಾಗಗಳಲ್ಲಿ ಕಲಿಸುವ ವಿದ್ಯೆಗಳು ಇಲ್ಲಿ ಹೊಲದ ಒಂದೊಂದು ತೊಡಕಿನ ಬೆನ್ನು ಹತ್ತಿ ಬಂದವು. ಆ ಕ್ರಮದಲ್ಲೇ ಅವುಗಳ ಇತಿಹಾಸವನ್ನು ನೋಡುವುದು ಸರಿ.

ಬೂದಿದಿಬ್ಬಗಳಿಂದ ಕೂರಿಗೆಯವರೆಗೆ

ಈ ಭಾಗದ ಅತ್ಯಂತ ಹಳೆಯ ಕೃಷಿ ದಾಖಲೆ ಬೂದಿ. ಬಳ್ಳಾರಿ, ರಾಯಚೂರು, ಸುರಪುರ ಸೀಮೆಗಳಲ್ಲಿ ಅಲ್ಲಲ್ಲಿ ದೊಡ್ಡ ಬೂದಿದಿಬ್ಬಗಳಿವೆ. 19ನೆಯ ಶತಮಾನದಲ್ಲಿ ಇಲ್ಲೆಲ್ಲ ಓಡಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿ, ನವಶಿಲಾಯುಗದ ದನಗಾರರು ಬಿಟ್ಟುಹೋದದ್ದು ಎಂದರು. ಎಲ್ಲರೂ ಒಪ್ಪಲಿಲ್ಲ. ಲೋಹ ಕರಗಿಸಿದ ಕಿಟ್ಟ ಎಂದವರಿದ್ದರು, ಬಲಿ ಕೊಟ್ಟ ಜಾಗ ಎಂದವರೂ ಇದ್ದರು. 1957ರಲ್ಲಿ ಎಫ್.ಆರ್. ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ದನದ ದೊಡ್ಡಿಯ ಕಂಬಗುಳಿಗಳೂ ಗೊರಸಿನ ಗುರುತುಗಳೂ ಸಿಕ್ಕವು. ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಎಫ್.ಇ. ಝಾಯ್ನರ್ ಅದು ಸಗಣಿಯದೇ ಎಂದು ಖಚಿತಪಡಿಸಿದರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳವನ್ನೂ ಆಲ್ಚಿನ್ ಅಗೆದರು. ಆ ವರದಿ 1960ರಲ್ಲಿ ಬಂತು. ಕೃಷ್ಣೆಯಾಚೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನ ದನದ ದೊಡ್ಡಿಯ ಪಕ್ಕದ ಮನೆಗಳನ್ನೂ ದನ ಕಡಿದ ಜಾಗವನ್ನೂ ಬೆಳಕಿಗೆ ತಂದಿತು.

ದನದ ಜೊತೆಗೆ ಬೆಳೆಯೂ ಇತ್ತು. ಕರಕಲಾದ ಕಾಳುಗಳನ್ನು ಮಣ್ಣಿನಿಂದ ನೀರಿನಲ್ಲಿ ತೇಲಿಸಿ ತೆಗೆದು ಗುರುತಿಸುವ ಸಸ್ಯ ಪುರಾತತ್ವ ಎಂಬ ಶಾಖೆ ಇಲ್ಲಿ ಮಹತ್ವದ ಉತ್ತರ ಕೊಟ್ಟಿದೆ. ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರ ಅಧ್ಯಯನದಂತೆ ದಕ್ಷಿಣದ ನವಶಿಲಾಯುಗದ ಮೂಲ ಬೆಳೆಗಳು ಕೊರಲೆ, ನವಣೆಯ ಜಾತಿಗೆ ಸೇರಿದ ಒಂದು ಕಿರುಧಾನ್ಯ, ಹುರುಳಿ ಮತ್ತು ಹೆಸರು. ಗೋಧಿ, ಜವೆಗೋಧಿ ಉತ್ತರದಿಂದ ಆಮೇಲೆ ಬಂದವು. ಸಜ್ಜೆ, ಜೋಳಗಳ ಮೂಲ ಆಫ್ರಿಕಾ. ಇಂದು ರಾಯಚೂರು ಸೀಮೆಯ ಊಟವೆಂದರೆ ಜೋಳದ ರೊಟ್ಟಿ. ಆದರೆ ಈ ನೆಲದ ಮೊದಲ ಕಾಳು ಜೋಳವಲ್ಲ, ಇಂದು ಬಹುತೇಕ ಹೊಲಗಳಿಂದ ಮರೆಯಾಗಿರುವ ಕೊರಲೆ. ಬೇಸಾಯ ಜಗತ್ತಿನ ಕೆಲವೇ ಕೇಂದ್ರಗಳಲ್ಲಿ ಹುಟ್ಟಿ ಉಳಿದೆಡೆಗೆ ಹರಡಿತೆಂಬ ಪಾಠ ಬಹಳ ಕಾಲ ನಡೆದಿತ್ತು. ದಖ್ಖನಿನ ಜನ ತಮ್ಮದೇ ಕಾಡುಹುಲ್ಲನ್ನು ಬೆಳೆಯಾಗಿ ಒಲಿಸಿಕೊಂಡರೆಂಬುದು ಆ ಪಾಠವನ್ನು ತಿದ್ದುವ ಮಾತು. ನಮ್ಮ ಶಾಲಾ ಪುಸ್ತಕಗಳಲ್ಲಿ ಇದಕ್ಕೆ ಇನ್ನೂ ದೊಡ್ಡ ಜಾಗ ಸಿಗಬೇಕು.

ಕಾಳು ಮಿಗತೆಯಾದಲ್ಲಿ ಊರು ನಿಲ್ಲುತ್ತದೆ, ಬೇರೆ ಕಸುಬುಗಳು ಹುಟ್ಟುತ್ತವೆ. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದಿಂದ ಬೃಹತ್ ಶಿಲಾಯುಗ, ಇತಿಹಾಸದ ಆದಿಕಾಲ ದಾಟಿ ಮಧ್ಯಯುಗದವರೆಗಿನ ಪದರಗಳು ಒಂದರ ಮೇಲೊಂದು ಕಂಡವು. ಮಸ್ಕಿಗೆ ಹತ್ತಿರದ ಹಟ್ಟಿ ಸುತ್ತಿನ ಹಳೆಯ ಚಿನ್ನದ ಗುಂಡಿಗಳಲ್ಲಿ ದುಡಿದವರಿಗೆ ಅನ್ನ ಸಿಕ್ಕಿದ್ದು ಸುತ್ತಲಿನ ಹೊಲಗಳಿಂದಲೇ ಇರಬೇಕು. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರೂ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್.

ಬರೆದಿಟ್ಟ ಕೃಷಿ ಜ್ಞಾನಕ್ಕೂ ಈ ನಾಡಿಗೂ ನಂಟಿದೆ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹ ಮತ್ತು ರಾಜೇಂದ್ರ ಚೋಳ 1021ರ ಸುಮಾರಿಗೆ ಮೊಸಂಗಿಯಲ್ಲಿ, ಅಂದರೆ ಮಸ್ಕಿಯಲ್ಲಿ, ಕಾದಿದರು. ಅದೇ ಜಯಸಿಂಹನ ಆಶ್ರಯದಲ್ಲಿ ಇಮ್ಮಡಿ ಚಾವುಂಡರಾಯ 1025ರಲ್ಲಿ ಕನ್ನಡದಲ್ಲಿ ‘ಲೋಕೋಪಕಾರ’ ರಚಿಸಿದ. ಮಳೆಯ ಮುನ್ಸೂಚನೆ, ಗಿಡ ಹುತ್ತಗಳ ಲಕ್ಷಣದಿಂದ ಅಂತರ್ಜಲ ಕಂಡುಹಿಡಿಯುವ ಬಗೆ, ಗಿಡಮರಗಳ ಆರೈಕೆ, ದನಕರುಗಳ ಚಿಕಿತ್ಸೆ, ಅಡುಗೆ ಎಲ್ಲವೂ ಆ ಒಂದೇ ಗ್ರಂಥದಲ್ಲಿವೆ. ಅದರಲ್ಲಿ ಶಕುನವೂ ಇದೆ, ಅನುಭವದಿಂದ ಬಂದ ತಿಳಿವೂ ಇದೆ. ಎರಡನ್ನೂ ಬೇರ್ಪಡಿಸಿ ಓದಬೇಕು. ಸಂಸ್ಕೃತ ಬಾರದವನಿಗೂ ತಲುಪಲೆಂದು ಜನಭಾಷೆಯಲ್ಲಿ ಬರೆದ ಆತನ ನಿಲುವು ಇಂದಿನ ಕೃಷಿ ವಿಸ್ತರಣಾ ಇಲಾಖೆಗಳಿಗೂ ಒಪ್ಪುವಂಥದ್ದು. ಅದೇ ಕಾಲದ ಶಾಸನಗಳು ನೆಲವನ್ನು ಗದ್ದೆ, ಬೆದ್ದಲೆ, ತೋಂಟ ಎಂದು ವಿಂಗಡಿಸಿ ಮತ್ತರು, ಕಂಬಗಳಲ್ಲಿ ಅಳೆಯುತ್ತವೆ. ಕೆರೆ ಕಾಯುವವರಿಗೆ ಭೂಮಿ ಬಿಡುತ್ತವೆ.

ಬರೆಯದೆ ಉಳಿದ ಜ್ಞಾನ ಇನ್ನೂ ದೊಡ್ಡದು. ಎರೆ ಮಣ್ಣು ಬಿರಿಯುವ, ಉಬ್ಬುವ ಜಿಗಟು ಮಣ್ಣು. ಮುಂಗಾರಿಯ ಮಳೆಯನ್ನು ಹೀರಿ ಹಿಡಿದುಕೊಂಡು ಚಳಿಗಾಲದುದ್ದಕ್ಕೂ ಬೆಳೆಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಇಲ್ಲಿನ ರೈತ ಎರೆ ಹೊಲವನ್ನು ಮಳೆಗಾಲದಲ್ಲಿ ಖಾಲಿ ಬಿಟ್ಟು, ಕುಂಟೆ ಹೊಡೆದು ಕಳೆ ತೆಗೆದು, ಉತ್ತರೆ ಹಸ್ತ ಮಳೆಗಳ ಹೊತ್ತಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತಿದ. ಕೆಂಪು ಮಸಾರಿ ನೆಲಕ್ಕೆ ಮುಂಗಾರಿಯ ಸಜ್ಜೆ, ತೊಗರಿ, ನವಣೆ. ಜೋಳದ ನಡುವೆ ಅಕ್ಕಡಿ ಸಾಲು. ಕೊಯ್ದ ಜೋಳ ನೆಲದೊಳಗಿನ ಹಗೇವಿಗೆ ಹೋದರೆ ಬರಗಾಲಕ್ಕೆ ಅದೇ ಆಧಾರ. ಬೀಜವನ್ನು ಒಂದೇ ಆಳಕ್ಕೆ, ಸಮ ಸಾಲಿಗೆ ಇಳಿಸುವ ಕೂರಿಗೆಯಂತೂ ಮೆಚ್ಚಬೇಕಾದ ಯಂತ್ರ. ದಕ್ಷಿಣ ಭಾರತದ ಈ ಸಾಧನವನ್ನು ಕುರಿತು ಬ್ರಿಟಿಷ್ ಅಧಿಕಾರಿ ಥಾಮಸ್ ಹಾಲ್ಕಾಟ್ 1790ರ ದಶಕದಲ್ಲೇ ತಮ್ಮ ದೇಶದ ಕೃಷಿ ಮಂಡಳಿಗೆ ವರದಿ ಕಳಿಸಿದ್ದರು. ಶತಮಾನದ ಬಳಿಕ ಭಾರತದ ಕೃಷಿಯನ್ನು ‘ಸುಧಾರಿಸಲು’ ಬಂದ ರಸಾಯನಶಾಸ್ತ್ರಜ್ಞ ಜೆ.ಎ. ವೋಲ್ಕರ್ ಕೂಡ 1893ರ ವರದಿಯಲ್ಲಿ ಇಲ್ಲಿನ ರೈತ ಬ್ರಿಟನ್ನಿನ ಸಾಮಾನ್ಯ ರೈತನಿಗಿಂತ ಕಡಿಮೆಯವನಲ್ಲ ಎಂದು ಒಪ್ಪಿಕೊಂಡರು.

ಬರ ಕಟ್ಟಿಸಿದ ಸಂಶೋಧನಾ ಕೇಂದ್ರಗಳು

1876–78ರ ಮಹಾ ಬರಗಾಲ ಬಳ್ಳಾರಿ, ರಾಯಚೂರು ಸೀಮೆಯನ್ನು ಹಿಂಡಿತು. ಅದರ ಬೆನ್ನಲ್ಲೇ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ಪ್ರಾಂತ್ಯಗಳಲ್ಲಿ ಕೃಷಿ ಇಲಾಖೆ ತೆರೆಯಬೇಕೆಂದು ಶಿಫಾರಸು ಮಾಡಿತು. ಬಳ್ಳಾರಿ ಬಳಿಯ ಹಗರಿಯಲ್ಲಿ 1906ರಲ್ಲಿ ಸಂಶೋಧನಾ ಕೇಂದ್ರ ಬಂತು. 1930ರ ದಶಕದಲ್ಲಿ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು ಒಣಬೇಸಾಯಕ್ಕೆಂದು ಐದು ಕೇಂದ್ರಗಳನ್ನು ಆರಿಸಿತು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು ಮತ್ತು ಪಂಜಾಬಿನ ರೋಹ್ಟಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ನಿಜಾಮನ ಆಳ್ವಿಕೆಯ ರಾಯಚೂರಿನಲ್ಲಿ ಆಧುನಿಕ ಕೃಷಿ ಸಂಶೋಧನೆ ಗಟ್ಟಿಯಾಗಿ ಬೇರು ಬಿಟ್ಟದ್ದು ಹೀಗೆ.

ಒಡ್ಡು ಹಾಕಿ, ಕೆಲವು ವರ್ಷಕ್ಕೊಮ್ಮೆ ಆಳವಾಗಿ ಉಳುಮೆ ಮಾಡಿ, ಬೀಜ ಕಡಿಮೆ ಹಾಕಿ ಸಾಲಿನ ಅಂತರ ಹೆಚ್ಚಿಸಿ, ಎಡೆ ಹೊಡೆಯಿರಿ: ಆ ಕೇಂದ್ರಗಳು ಕೊಟ್ಟ ಸಲಹೆಯ ಸಾರ ಇದು. ರೈತ ಮಾಡುತ್ತಿದ್ದುದಕ್ಕೆ ಲೆಕ್ಕ ಹಾಕಿ ಕೊಟ್ಟ ಒಪ್ಪಿಗೆಯೇ ಅದರಲ್ಲಿ ಹೆಚ್ಚು. ಇಳುವರಿಯಲ್ಲಿ ಸಿಕ್ಕ ಏರಿಕೆ ಶೇ 15–20ರಷ್ಟು. ಎಕರೆಗೆ ಒಂದೆರಡು ಚೀಲ ಬರುವಲ್ಲಿ ಅಷ್ಟು ಏರಿಕೆ ಯಾರನ್ನೂ ಸೆಳೆಯಲಿಲ್ಲ. ತಳಿಯಲ್ಲಿ ಮಾತ್ರ ಬಾಳಿಕೆಯ ಕೆಲಸ ನಡೆಯಿತು. ಸೊಲ್ಲಾಪುರ ಸೀಮೆಯ ಮಾಲ್ದಂಡಿ ಎಂಬ ನಾಟಿ ಜೋಳದಿಂದ ಮೊಹೋಳ್ ಕೇಂದ್ರದಲ್ಲಿ ಆಯ್ದ ಎಂ 35-1 ಇಂದಿಗೂ ಹಿಂಗಾರಿಯ ಹೊಲಗಳಲ್ಲಿದೆ. ಎಷ್ಟೋ ಹೊಸ ತಳಿಗಳು ಅದರ ರೊಟ್ಟಿಯ ರುಚಿಯನ್ನೂ ಕಣಿಕೆಯ ಗುಣವನ್ನೂ ಸರಿಗಟ್ಟಲಾರದೆ ಹಿಂದೆ ಸರಿದವು.

ಕಾಲುವೆಯ ಕಾಲ

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಆಲೋಚನೆ 1860ರಲ್ಲಿ ಆರ್ಥರ್ ಕಾಟನ್ ಅವರದು. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳ ನಡುವೆ 1944ರಲ್ಲಿ ಒಪ್ಪಂದವಾಗಿ, 1945ರ ಫೆಬ್ರುವರಿಯಲ್ಲಿ ಕೆಲಸ ಶುರುವಾಗಿ, 1953ರಲ್ಲಿ ಕಾಲುವೆಗೆ ನೀರು ಬಂತು. ಎರೆ ಮಣ್ಣಿಗೆ ನೀರು ಹಾಯಿಸಿದರೆ ಏನಾಗುತ್ತದೆ ಎಂದು ತಿಳಿಯಲು ಮದ್ರಾಸ್ ಸರ್ಕಾರ 1937ರಲ್ಲೇ ಸಿರಗುಪ್ಪದಲ್ಲಿ ಕೇಂದ್ರ ತೆರೆದಿತ್ತು. ಯೋಜನೆಗೆ ಮೊದಲೇ ಮಣ್ಣನ್ನು ಕೇಳಿದ ಈ ಮುನ್ನೆಚ್ಚರಿಕೆ ಅಪರೂಪದ್ದು.

ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಮುಖ್ಯ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನತ್ತ ಹೋಗುತ್ತದೆ. ಬರದಿಂದ ಆದಷ್ಟು ಹೆಚ್ಚು ಹೊಲಗಳನ್ನು ಕಾಪಾಡುವುದು ಅದರ ಮೂಲ ಉದ್ದೇಶ. ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ, ಸ್ವಲ್ಪ ಭಾಗಕ್ಕಷ್ಟೇ ಭತ್ತ ಎಂದು ಸರ್ವೆ ನಂಬರಿಗೆ ಸರ್ವೆ ನಂಬರು ಗೊತ್ತುಮಾಡಲಾಗಿತ್ತು. ನೀರು ಹರಿದ ಮೇಲೆ ಆದದ್ದೇ ಬೇರೆ. ಭತ್ತದ ಬೇಸಾಯ ಬಲ್ಲ ಕರಾವಳಿ ಆಂಧ್ರದ ರೈತರು ಬಂದು ಭೂಮಿ ಕೊಂಡು ‘ಕ್ಯಾಂಪ್’ಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಸುತ್ತ ಪುನರ್ವಸತಿ ಕ್ಯಾಂಪ್‌ಗಳಾದವು. ಕಾಲುವೆಯ ಮೇಲ್ಭಾಗವೆಲ್ಲ ಭತ್ತವಾಯಿತು, ಕೆಳಭಾಗದ ಮಾನ್ವಿ, ರಾಯಚೂರಿನ ರೈತರ ತೂಬು ಒಣಗಿತು. ನಕ್ಷೆಯಲ್ಲಿನ ನೀರಿಗೂ ಹೊಲಕ್ಕೆ ಸಿಗುವ ನೀರಿಗೂ ನಡುವಿನ ಈ ಅಂತರವನ್ನು ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ಈ ಕಾಲುವೆಯ ಮೇಲೆಯೇ ಇದ್ದು ಅಧ್ಯಯನ ಮಾಡಿದರು. ನೀರಾವರಿಯೆಂದರೆ ಎಂಜಿನಿಯರಿಂಗ್ ಜೊತೆಗೆ ಅಧಿಕಾರ, ಜಾತಿ, ಹಣದ ವಿಷಯವೂ ಹೌದೆಂದು ಒಪ್ಪಿಕೊಂಡ ಹೊಸ ಅಧ್ಯಯನ ಕ್ಷೇತ್ರಕ್ಕೆ ಸಿಂಧನೂರಿನ ವಿತರಣಾ ಕಾಲುವೆಗಳೂ ಪಾಠಶಾಲೆಯಾದವು.

ನೀರು ಹೆಚ್ಚಾದಲ್ಲಿ ನೆಲ ಕೆಟ್ಟಿತು. ಎರೆಯಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರಿ, ಜೊತೆಗೆ ಬಂದ ಲವಣ ಮೇಲ್ಮೈಯಲ್ಲಿ ಬೆಳ್ಳಗೆ ಕೂರುತ್ತದೆ. ಅದೇ ಸವಳು, ನೀರು ನಿಂತು ಬೇರು ಕೊಳೆಸುವುದು ಜವಳು. ಗಂಗಾವತಿಯ ಸಂಶೋಧನಾ ಕೇಂದ್ರ ಬಸಿಗಾಲುವೆ, ನೆಲದೊಳಗಿನ ರಂಧ್ರಕೊಳವೆ, ಜಿಪ್ಸಂ, ಲವಣ ತಡೆಯುವ ತಳಿಗಳ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ಮಣ್ಣು ವಿಜ್ಞಾನದ ಈ ಶಾಖೆ ಇಲ್ಲಿ ಬೆಳೆದದ್ದು ನಮ್ಮದೇ ಕೈಯಾರೆ ಆದ ಕೆಡುಕನ್ನು ಸರಿಪಡಿಸಲು. ಮೆಸೊಪೊಟೇಮಿಯದ ಹೊಲಗಳೂ ಇದೇ ರೋಗಕ್ಕೆ ತುತ್ತಾಗಿದ್ದವು.

ಸಿಂಧನೂರು, ಗಂಗಾವತಿಗಳ ಹೆಸರು ಸೋನಾ ಮಸೂರಿ ಅಕ್ಕಿಯೊಂದಿಗೆ ಬೆಸೆದಿದೆ. ಮಸೂರಿ ಭತ್ತದ ವಂಶಾವಳಿ ದೊಡ್ಡದು: ಮಲಯದ ಮಾಯಾಂಗ್ ಎಬೋಸ್ ಮತ್ತು ತೈವಾನಿನ ತೈಚುಂಗ್ 65 ತಳಿಗಳ ಸಂಕರದಿಂದ ಬಂದು, 1965ರಲ್ಲಿ ಮಲೇಷ್ಯಾದಲ್ಲಿ ಬಿಡುಗಡೆಯಾಯಿತು. ಅದರ ರಕ್ತ ಹೊತ್ತ ಬಿಪಿಟಿ 5204 ಆಂಧ್ರದ ಬಾಪಟ್ಲದಿಂದ 1986ರಲ್ಲಿ ಹೊರಬಂತು. ಒಂದೇ ಬೆಳೆ ದಟ್ಟವಾದಾಗ ಕಂದು ಜಿಗಿಹುಳು, ಬೆಂಕಿ ರೋಗ ಬಂದವು. ಔಷಧಿ ಸಿಂಪಡಣೆಯೂ ಏರಿತು. ಹತ್ತಿಯಲ್ಲಿ ಧಾರವಾಡದ ಬಿ.ಎಚ್. ಕಟರಕಿ 1972ರಲ್ಲಿ ಕೊಟ್ಟ ವರಲಕ್ಷ್ಮಿ ಎರಡು ಬೇರೆ ಹತ್ತಿ ಪ್ರಭೇದಗಳ ಸಂಕರ. ಉದ್ದನೆಯ ಎಳೆಯ ಹತ್ತಿಗೆ ಅದು ದಾರಿ ಮಾಡಿತು, ಕಾಯಿಕೊರಕಕ್ಕೂ ಬಾಗಿಲು ತೆರೆಯಿತು. 1998ರ ನವೆಂಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ, ಕಾಯಿಕೊರಕ ತಡೆಯಲೆಂದು ರೂಪಿಸಿದ ಕುಲಾಂತರಿ ಬಿಟಿ ಹತ್ತಿಯ ಪ್ರಯೋಗ ತಾಕಿಗೆ ಬೆಂಕಿ ಇಟ್ಟಾಗ, ಬೀಜ ಯಾರದು, ಪ್ರಯೋಗದ ಬಗ್ಗೆ ರೈತನಿಗೆ ತಿಳಿಸಿದವರು ಯಾರು ಎಂಬ ಪ್ರಶ್ನೆ ಜಗತ್ತಿಗೆ ಕೇಳಿಸಿತು. 2002ರಲ್ಲಿ ಬಿಟಿಗೆ ಅನುಮತಿ ಸಿಕ್ಕಿತು, ಸೀಮೆಯ ತುಂಬ ಹರಡಿತು. 2010ರ ದಶಕದಲ್ಲಿ ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡಿತು.

ವಿಶ್ವವಿದ್ಯಾಲಯ ಮತ್ತು ಇಂದಿನ ಕೆಲಸ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರದು, ಧಾರವಾಡದ್ದು 1986ರದು. ರಾಯಚೂರಿಗೆ ತನ್ನದೇ ಕೃಷಿ ವಿಶ್ವವಿದ್ಯಾಲಯ ದಕ್ಕಿದ್ದು ಅದಾಗಿ ಎರಡು ದಶಕ ಕಳೆದ ಮೇಲೆ. ಈ ವಿಳಂಬದ ಬೆಲೆಯನ್ನು ಕಲ್ಯಾಣ ಕರ್ನಾಟಕದ ರೈತರು ತೆತ್ತರು. 2009ರಲ್ಲಿ ಶುರುವಾದ ಭೂಚೇತನ ಯೋಜನೆ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ನೆರವಿನಿಂದ ರಾಜ್ಯದ ಒಣಹೊಲಗಳ ಮಣ್ಣು ಪರೀಕ್ಷಿಸಿ ಸತು, ಬೋರಾನ್, ಗಂಧಕಗಳ ಕೊರತೆಯನ್ನು ತೋರಿಸಿತು. ಕಾಲುವೆಯ ಕೆಳಭಾಗದ ರೈತರಿಗೆ ಉಪಯೋಗಕ್ಕೆ ಬಂದದ್ದು ಕೂರಿಗೆ ಭತ್ತ. ಕೆಸರುಗದ್ದೆ ಮಾಡದೆ, ನಾಟಿ ಇಲ್ಲದೆ, ಒಣ ನೆಲದಲ್ಲೇ ಬಿತ್ತುವ ಈ ಪದ್ಧತಿ ನೀರನ್ನೂ ಕೂಲಿಯನ್ನೂ ಉಳಿಸುತ್ತದೆ. ಕಳೆಯ ಕಾಟ ಮಾತ್ರ ಹೆಚ್ಚು.

ಕೃಷ್ಣೆಯ ಕಡೆ 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗ ಕಡೆ ನೀರು ತಂದರೂ ಮಸ್ಕಿ ತಾಲ್ಲೂಕಿನ ಎತ್ತರದ ಹೊಲಗಳು ಹೊರಗುಳಿದವು. 5ಎ ಉಪಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು 2020–21ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಇತ್ತ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ, 133 ಟಿಎಂಸಿ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. ಆ ಹೂಳು ಮಲೆನಾಡಿನಿಂದ ಹಿಡಿದು ಜಲಾನಯನ ಪ್ರದೇಶದ ಹೊಲಗಳಿಂದ ಕೊಚ್ಚಿಬಂದ ಮೇಲ್ಮಣ್ಣು. ಕಳೆದ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವಿದೆ. ಮೇಲ್ಮಣ್ಣನ್ನು ಹೊಲದಲ್ಲೇ ನಿಲ್ಲಿಸುವ ಒಡ್ಡು, ಬದುಗಳ ಕೆಲಸಕ್ಕೆ ಅಣೆಕಟ್ಟಿಗೆ ಸಿಗುವಷ್ಟು ಗಮನವೂ ಹಣವೂ ಇನ್ನೂ ಸಿಕ್ಕಿಲ್ಲ.