ಅಂಟಿಸಿದಾಗ ಕೆಡುವ ಕನ್ನಡ: ಇಮೇಲ್ ಪಠ್ಯದ ದೋಷಗಳ ಬಗ್ಗೆ ಒಂದು ಟಿಪ್ಪಣಿ

ಒಂದು ಇಮೇಲಿನಿಂದ ನಕಲಿಸಿ ಇನ್ನೊಂದರಲ್ಲಿ ಅಂಟಿಸಿದ ಬರಹದ ಅಂದ ಕೆಟ್ಟರೆ ಎಲ್ಲರೂ ಹೇಳುವ ಉಪಾಯ ಒಂದೇ: ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ, ವಿನ್ಯಾಸವನ್ನು ಬಿಟ್ಟು ಬರೀ ಪಠ್ಯವನ್ನು ಅಂಟಿಸಿ. ಇಂಗ್ಲಿಷಿಗೆ ಇದು ಸಾಕು. ಕನ್ನಡಕ್ಕೆ ಕೆಲವೊಮ್ಮೆ ಇದೇ ಮದ್ದು ವಿಷವಾಗುತ್ತದೆ.

ನಕಲಿಸಿದ ಬರಹ ಕ್ಲಿಪ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಎರಡು ರೂಪದಲ್ಲಿ ಕೂರುತ್ತದೆ. ಫಾಂಟು, ಬಣ್ಣ, ಅಂತರಗಳನ್ನು ಹೊತ್ತ ಎಚ್‌ಟಿಎಂಎಲ್ ಒಂದು, ಬರಿಯ ಅಕ್ಷರಗಳ ಸರಳ ರೂಪ ಇನ್ನೊಂದು. ಯೂನಿಕೋಡ್ ಕನ್ನಡಕ್ಕೆ ಎರಡನೆಯದೇ ಸಾಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದಕ್ಕೆ ಸಾಲದು. ಅಲ್ಲಿ ಕನ್ನಡವೆಂಬುದು ಇರುವುದೇ ಫಾಂಟಿನಲ್ಲಿ. ಅದನ್ನು ಕಳಚಿದರೆ ಉಳಿಯುವುದು ಲ್ಯಾಟಿನ್ ಚೂರುಗಳು.

ಈ ಬಗೆಯ ಬರಹವನ್ನು ಕಚೇರಿಗಳಲ್ಲಿ ಆಸ್ಕಿ ಎನ್ನುವುದು ವಾಡಿಕೆ. ಹೆಸರು ಸರಿಯಿಲ್ಲ: ಆಸ್ಕಿಯಲ್ಲಿರುವುದು 128 ಸಂಕೇತ, ನುಡಿಯಾದರೋ ಅದರಾಚೆಯವನ್ನೂ ಧಾರಾಳವಾಗಿ ಬಳಸುತ್ತದೆ. ‘ಕರ್ನಾಟಕ’ ಎಂಬ ಪದವನ್ನೇ ನೋಡಿ. ನುಡಿಯಲ್ಲಿ ಅದು 8 ತುಣುಕು. ‘ಕ’ಕ್ಕೆ ದೊಡ್ಡಕ್ಷರದ ಪಿ, ಅದರ ತಲೆಕಟ್ಟಿಗೆ ಮೇಲೆ ಓರೆಗೆರೆಯಿರುವ ದೊಡ್ಡ ಎ, ‘ನ’ದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಗುರುತು. ಅರ್ಕಾವೊತ್ತು ನಾವು ಬರೆಯುವ ಕ್ರಮದಲ್ಲೇ ‘ನಾ’ ಆದಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಅದೇ ಪದ 7 ಸಂಕೇತ. ರಕಾರ ಉಚ್ಚಾರದ ಕ್ರಮದಲ್ಲಿ ‘ನ’ಕ್ಕಿಂತ ಮೊದಲು. ಆದ್ದರಿಂದ ಫಾಂಟು ಬದಲಿಸಿ ಫಲವಿಲ್ಲ, ಪರಿವರ್ತಕವೇ ಬೇಕು. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ವಿನ್ಯಾಸ ಕಳಚುವುದು ಆಮೇಲೆ. ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಇಮೇಲ್ ವಿಳಾಸಗಳನ್ನೂ ಮುಂಚೆಯೇ ಬೇರೆ ಎತ್ತಿಡಬೇಕು. ಇಲ್ಲವಾದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ಬಗೆದು ಕಲಸಿಬಿಡುತ್ತದೆ.

ಇದನ್ನೇ ಹೋಲುವ, ಆದರೆ ಬೇರೆಯೇ ಆದ ದೋಷ ಇನ್ನೊಂದಿದೆ. ಯೂನಿಕೋಡ್ ಬರಹವನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟು. ಅವನ್ನು ಪಶ್ಚಿಮ ಯುರೋಪಿನ ಸಂಕೇತಕ್ರಮದಲ್ಲಿ ಓದಿದಾಗ ಓರೆಗೆರೆ ಹೊತ್ತ ಚಿಕ್ಕ ಎ, ಅದರ ಬೆನ್ನಿಗೆ ತಲೆಯೆತ್ತಿ ನಿಂತ ಪುಟ್ಟ 2 ಅಥವಾ 3, ಹೀಗೆ ಸಾಲುದ್ದಕ್ಕೂ ಕಾಣುತ್ತದೆ. ಎ ದೊಡ್ಡದೋ ಚಿಕ್ಕದೋ ಎಂದು ನೋಡಿದರೆ ಅರ್ಧ ರೋಗನಿದಾನ ಮುಗಿದಂತೆ. ಈ ಎರಡನೆಯದಕ್ಕೆ ಪರಿವರ್ತಕ ಬೇಡ; ಮೂಲ ಇಮೇಲನ್ನು ಯುಟಿಎಫ್-8 ಎಂದು ಓದಿಸಿ ಮತ್ತೆ ನಕಲಿಸಿದರಾಯಿತು. ಬರೀ ಚೌಕಗಳು ಕಂಡರೆ ಫಾಂಟಿಲ್ಲ ಅಷ್ಟೇ, ಪಠ್ಯ ಕ್ಷೇಮ.

ಕಣ್ತಪ್ಪಿಸುವುದು ಅದೃಶ್ಯ ಸಂಕೇತಗಳ ನಷ್ಟ. ‘ಸಾಫ್ಟ್‌ವೇರ್’ ಪದದ ನಡುವೆ ಅಗಲವಿಲ್ಲದ ಒಂದು ಬೇರ್ಪಡಿಸುವ ಸಂಕೇತ ಅಡಗಿದೆ. ಅದನ್ನು ಕಸವೆಂದು ಗುಡಿಸಿಹಾಕುವ ತಂತ್ರಾಂಶಗಳಲ್ಲಿ ಪದ ‘ಸಾಫ್ಟ್ವೇರ್’ ಆಗುತ್ತದೆ. ‘ರ‍್ಯಾಂಕ್’ ಪದದಲ್ಲಿ ಅಡಗಿರುವ ಜೋಡಿಸುವ ಸಂಕೇತ ಹೋದರೆ ‘ರ್ಯಾಂಕ್’ ಆಗಿ ಅರ್ಕಾವೊತ್ತು ಮೂಡುತ್ತದೆ. ಇದನ್ನು ಕೈಯಾರೆ ತಿದ್ದುವುದೇ ಸರಿ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದಿದ್ದರೆ ಮಾತ್ರ ತಿದ್ದಲು ಏನೂ ಉಳಿದಿಲ್ಲ. ಕಳುಹಿಸಿದವರನ್ನೇ ಮತ್ತೊಮ್ಮೆ ಕೇಳಿ.