ಖಂಡಿಸುವ ಮೊದಲು ಕೇಳಿಸಿಕೊಂಡವರು: ಪೂರ್ವಪಕ್ಷದ ಕಥೆ

ದ್ವೈತ ಸರಿಯೋ ಅದ್ವೈತ ಸರಿಯೋ ಅನ್ನೋ ಜಗಳ ಈಗ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲೂ ನಡೆಯುತ್ತೆ. ನಾಲ್ಕನೇ ಮೆಸೇಜಿಗೆ ಸಿದ್ಧಾಂತ ಮರೆತುಹೋಗಿ, ಮಾತು ಮಠಕ್ಕೆ, ಮನೆತನಕ್ಕೆ ಬಂದು ನಿಲ್ಲುತ್ತೆ. ಇದೇ ವಿಷಯವನ್ನು ಸುಮಾರು 500 ವರ್ಷದ ಹಿಂದೆ ದೊಡ್ಡ ಪಂಡಿತರು ಹೇಗೆ ವಾದಿಸಿದರು ಅಂತ ಇವತ್ತು ನೋಡೋಣ.

ಮೊದಲು ನಿಯಮ. ಗೌತಮರ ನ್ಯಾಯಸೂತ್ರ ಚರ್ಚೆಯಲ್ಲಿ ಮೂರು ಬಗೆ ಹೇಳುತ್ತದೆ. ನಿಜ ತಿಳಿಯೋದಕ್ಕೆ ಪ್ರಮಾಣ, ತರ್ಕ ಇಟ್ಟುಕೊಂಡು ಮಾಡುವುದು ವಾದ. ಹೇಗಾದರೂ ಗೆಲ್ಲಬೇಕು ಅಂತ ಮಾಡುವುದು ಜಲ್ಪ. ತನ್ನದು ಅಂತ ಏನನ್ನೂ ಸ್ಥಾಪಿಸದೆ ಎದುರಿನವರದನ್ನು ಕೆಡವುತ್ತಾ ಹೋಗುವುದು ವಿತಂಡ. ಮಾತು ತಿರುಚುವುದಕ್ಕೆ 'ಛಲ' ಅಂತ ಹೆಸರು. ಹಳೆಯ ಉದಾಹರಣೆ ಕೇಳಿ: ಒಬ್ಬ 'ಇವನು ನವಕಂಬಲ', ಅಂದರೆ ಹೊಸ ಕಂಬಳಿಯವನು, ಅನ್ನುತ್ತಾನೆ. ಇನ್ನೊಬ್ಬ 'ಒಂದೇ ಇದೆಯಲ್ಲ, ಒಂಬತ್ತು ಎಲ್ಲಿ?' ಅನ್ನುತ್ತಾನೆ. 'ನವ'ಕ್ಕೆ ಎರಡೂ ಅರ್ಥ ಉಂಟಲ್ಲ! ಇವತ್ತಿನ ಟಿವಿ ಚರ್ಚೆಯಲ್ಲಿ ಇದು ದಿನಾ ಸಿಗುತ್ತೆ.

ಈಗ ವಿಜಯನಗರಕ್ಕೆ ಬನ್ನಿ. ಬನ್ನೂರಿನಲ್ಲಿ ಹುಟ್ಟಿ, 1539ರಲ್ಲಿ ತೀರಿಕೊಂಡು, ಆನೆಗೊಂದಿಯ ನವಬೃಂದಾವನದಲ್ಲಿರುವ ವ್ಯಾಸತೀರ್ಥರು ಅದ್ವೈತವನ್ನು ಖಂಡಿಸಿ 'ನ್ಯಾಯಾಮೃತ' ಬರೆದರು. ಜಗತ್ತು ಮಿಥ್ಯೆ ಅಂದರೆ ಏನರ್ಥ ಅನ್ನೋದು ಅವರ ಮೊದಲ ಪ್ರಶ್ನೆ. ಅದಕ್ಕೆ ಅವರು ಸುಲಭದ ಗೊಂಬೆ ಮಾಡಿ ಹೊಡೆಯಲಿಲ್ಲ. ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ, ಆನಂದಬೋಧ, ಹೀಗೆ ಅದ್ವೈತದ ಆಚಾರ್ಯರೇ ಕೊಟ್ಟಿದ್ದ ಐದು ಲಕ್ಷಣಗಳನ್ನು ಒಂದೆಡೆ ತಂದು, ಒಂದೊಂದನ್ನೂ ಪರೀಕ್ಷಿಸಿದರು.

ಕಾಶಿಯಲ್ಲಿದ್ದ ಬಂಗಾಳದ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಲ್ಲಿ ಉತ್ತರ ಕೊಟ್ಟಾಗ ಅದೇ ಐದನ್ನು ಅದೇ ಕ್ರಮದಲ್ಲಿ ಎತ್ತಿಕೊಂಡರು. ಎದುರಾಳಿ ಜೋಡಿಸಿಕೊಟ್ಟ ಪಟ್ಟಿಯಿಂದಲೇ ಅದ್ವೈತದ ವಿದ್ಯಾರ್ಥಿಗಳು ಇವತ್ತಿಗೂ ಪಾಠ ಕಲಿಯುತ್ತಾರೆ! ಮುಂದೆ ದ್ವೈತದ ಕಡೆಯಿಂದ ರಾಮಾಚಾರ್ಯರ 'ತರಂಗಿಣಿ', ಅದಕ್ಕೆ ಬ್ರಹ್ಮಾನಂದರ ಉತ್ತರ. ರಾಮಾಚಾರ್ಯರು ಮೊದಲು ಮಧುಸೂದನರ ಹತ್ತಿರವೇ ಅದ್ವೈತ ಓದಿದರು ಅನ್ನೋ ಕಥೆಯೂ ಪರಂಪರೆಯಲ್ಲಿದೆ.

ಹಾಗಂತ ಹಿಂದಿನವರೆಲ್ಲ ಮೆತ್ತಗೆ ಮಾತಾಡುತ್ತಿದ್ದರು ಅಂದುಕೊಳ್ಳಬೇಡಿ. ಅದ್ವೈತಿಗಳಿಗೆ 'ಪ್ರಚ್ಛನ್ನ ಬೌದ್ಧ', ಅಂದರೆ ವೇಷ ಮರೆಸಿಕೊಂಡ ಬೌದ್ಧ, ಅನ್ನೋ ಬೈಗುಳ ಬಿದ್ದಿತ್ತು. ವ್ಯಾಸತೀರ್ಥರ ತರ್ಕದಲ್ಲೂ ದಾಕ್ಷಿಣ್ಯ ಇಲ್ಲ. ಒಪ್ಪದ ಮಾತನ್ನು ಒಪ್ಪಲ್ಲ ಅಂತ ಖಡಾಖಂಡಿತವಾಗಿ ಹೇಳುತ್ತಲೇ, ಎದುರಿನವನ ಮಾತನ್ನು ಅವನೇ ತಲೆಯಾಡಿಸುವಷ್ಟು ಸರಿಯಾಗಿ ಹೇಳಬೇಕು. ಅದೇ ಪೂರ್ವಪಕ್ಷ, ಅದೇ ಗೌರವ.

ಇದು ಬರೀ ಸಭ್ಯತೆಯ ವಿಷಯ ಅಲ್ಲ. ಚಾರ್ವಾಕರನ್ನೇ ನೋಡಿ. ಅವರ ಮೂಲಸೂತ್ರಗಳು ಇಡಿಯಾಗಿ ಉಳಿದಿಲ್ಲ. ಜನರ ಬಾಯಲ್ಲಿ ಅವರು ಸಾಲ ಮಾಡಿ ತುಪ್ಪ ತಿನ್ನುವವರು, ಅಷ್ಟೇ. ಆದರೆ 14ನೇ ಶತಮಾನದಲ್ಲಿ ಮಾಧವ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯವನ್ನೇ ಅವರಿಗೆ ಕೊಟ್ಟ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆ ಅಂತ ಎಲ್ಲ ಕಾಲ, ಎಲ್ಲ ದೇಶಕ್ಕೂ ಹೇಗೆ ಗೊತ್ತು ಅನ್ನೋ ಅವರ ಗಟ್ಟಿ ಪ್ರಶ್ನೆಯನ್ನು ಅಲ್ಲಿ ದಾಖಲಿಸಿದ. ಅವರನ್ನು ಒಪ್ಪದವನ ಪ್ರಾಮಾಣಿಕತೆಯಿಂದ ಆ ಪ್ರಶ್ನೆ ನಮ್ಮವರೆಗೆ ಬಂತು.

ಮುಂದಿನ ಸಲ ವಾದಕ್ಕೆ ಇಳಿದಾಗ, 'ನೀವು ಹೇಳ್ತಿರೋದು ಇದೇ ತಾನೇ?' ಅಂತ ಮೊದಲು ಕೇಳಿ. ಅವರು ಹೌದು ಅಂದ ಮೇಲೆ ಧಾರಾಳವಾಗಿ ಖಂಡಿಸಿ. ಮತ್ತೆ ಸಿಗೋಣ.