ಮುಂಬಯಿ ಸೇನೆ: ವಾಯವ್ಯ ಗಡಿಯ ಯುದ್ಧಗಳು (1838–1895)

ಮುಂಬಯಿ ಸೇನೆಯು ಈಸ್ಟ್ ಇಂಡಿಯಾ ಕಂಪನಿ ಬಂಗಾಳ, ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ ಬೇರೆಬೇರೆಯಾಗಿ ಕಟ್ಟಿದ ಮೂರು ಸೇನೆಗಳಲ್ಲಿ ಒಂದು. 1668ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ಮುಂಬಯಿ ದ್ವೀಪವನ್ನು ಕಂಪನಿಗೆ ಒಪ್ಪಿಸಿದಾಗ ಅಲ್ಲಿದ್ದ ಚಿಕ್ಕ ಕಾವಲುಪಡೆಯಿಂದ ಬೆಳೆದ ಈ ಸೇನೆ, 1838ರ ಬಳಿಕ ತನ್ನ ನೆಲೆಯಿಂದ ಬಹುದೂರದ ಸಿಂಧ್, ಬಲೂಚಿಸ್ತಾನ ಮತ್ತು ದಕ್ಷಿಣ ಅಫ್ಘಾನಿಸ್ತಾನಗಳಲ್ಲಿ ಯುದ್ಧ ಮಾಡಿತು, ಗಡಿ ಕಾಯಿತು. ಕೊಂಕಣ ಮತ್ತು ದಖನ್ನಿನ ಮರಾಠರು, ಮಹಾರರು, ಮುಸಲ್ಮಾನರು ಇದರ ಸಿಪಾಯಿಗಳಲ್ಲಿದ್ದರು. 1818ರ ನಂತರ ಬೆಳಗಾವಿ, ಧಾರವಾಡ ಸೀಮೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಬೆಳಗಾವಿಯ ದಂಡುಪ್ರದೇಶವೂ ಇದರ ಪ್ರಮುಖ ನೆಲೆಗಳಲ್ಲೊಂದಾಯಿತು.

ಮೊದಲನೆಯ ಅಫ್ಘನ್ ಯುದ್ಧ

ರಷ್ಯದ ಪ್ರಭಾವ ಕಾಬೂಲಿಗೆ ಹಬ್ಬೀತೆಂಬ ಶಂಕೆಯಿಂದ ಗವರ್ನರ್ ಜನರಲ್ ಆಕ್ಲೆಂಡ್ 1838ರ ಅಕ್ಟೋಬರ್ 1ರಂದು ಸಿಮ್ಲಾದಲ್ಲಿ ಘೋಷಣೆ ಹೊರಡಿಸಿ, ಅಲ್ಲಿಯ ಅಮೀರ ದೋಸ್ತ್ ಮಹಮ್ಮದನನ್ನು ಇಳಿಸಿ, ಹಿಂದೆ ಪಟ್ಟ ಕಳೆದುಕೊಂಡಿದ್ದ ಷಾ ಷುಜಾನನ್ನು ಮತ್ತೆ ಪಟ್ಟಕ್ಕೇರಿಸುವ ನಿರ್ಧಾರವನ್ನು ಪ್ರಕಟಿಸಿದನು. ಬಂಗಾಳದ ಪಡೆ ಭೂಮಾರ್ಗವಾಗಿ ಹೊರಟರೆ, ಸರ್ ಜಾನ್ ಕೀನ್‌ನ ನೇತೃತ್ವದ ಮುಂಬಯಿ ಪಡೆ ಹಡಗು ಹತ್ತಿ ಸಿಂಧೂ ನದಿಯ ಮುಖಜ ಭೂಮಿಯಲ್ಲಿ ಇಳಿದು, ನದಿಯ ದಂಡೆ ಹಿಡಿದು ಉತ್ತರಕ್ಕೆ ನಡೆಯಿತು. 1839ರ ಫೆಬ್ರುವರಿಯಲ್ಲಿ ಕರಾಚಿಯ ಕೋಟೆಯನ್ನು ತೋಪುಗಳಿಂದ ಹೊಡೆದು ವಶಪಡಿಸಿಕೊಂಡ ‘ವೆಲೆಸ್ಲಿ’ ಎಂಬ ಯುದ್ಧನೌಕೆ ಮುಂಬಯಿಯ ಹಡಗುಕಟ್ಟೆಯಲ್ಲೇ ನಿರ್ಮಾಣವಾದದ್ದು. ಹೀಗೆ ಬಂದರು, ಹಡಗು, ಸಿಪಾಯಿ ಮೂರನ್ನೂ ಒದಗಿಸಿದ ನಗರ ಈ ದಂಡಯಾತ್ರೆಯ ಬುನಾದಿಯಾಗಿತ್ತು.

ಕ್ವೆಟ್ಟಾಕ್ಕೆ ಹೋಗುವ ಬೋಲಾನ್ ಕಣಿವೆಯಲ್ಲಿ ಮೇವಿಲ್ಲದೆ ಒಂಟೆಗಳು ಸತ್ತು, ಸಾಮಾನು ಸಾಗಿಸುವುದೇ ಕಾದಾಟಕ್ಕಿಂತ ಕಷ್ಟವಾಯಿತು. ಕೂಡಿಕೊಂಡ ಎರಡು ಪಡೆಗಳೂ ಕಂದಾಹಾರವನ್ನು ಹಾದು, 1839ರ ಜುಲೈ 23ರಂದು ಗಜ್ನಿಯ ಕಾಬೂಲ್ ಬಾಗಿಲನ್ನು ಸಿಡಿಮದ್ದಿನಿಂದ ಒಡೆದು ಕೋಟೆಯನ್ನು ಹಿಡಿದವು. ಹಿಂದಿರುಗುವ ದಾರಿಯಲ್ಲಿ ಮುಂಬಯಿ ಪಡೆ ನವೆಂಬರ್ 13ರಂದು ಕಲಾತ್ ಕೋಟೆಗೆ ಲಗ್ಗೆ ಹಾಕಿದಾಗ ಅಲ್ಲಿಯ ಆಳರಸ ಮೆಹ್ರಾಬ್ ಖಾನ್ ಹೋರಾಡುತ್ತಲೇ ಮಡಿದನು.

ಕಾಹನ್ ಮುತ್ತಿಗೆ

ಗೆದ್ದ ದಾರಿಯನ್ನು ಉಳಿಸಿಕೊಳ್ಳುವುದು ಗೆಲ್ಲುವುದಕ್ಕಿಂತ ದುಬಾರಿಯೆಂಬುದನ್ನು 1840ರಲ್ಲಿ ಮರ್ರಿ ಬಲೂಚರ ಬೆಟ್ಟಸೀಮೆಯ ಕಾಹನ್ ಕೋಟೆ ತೋರಿಸಿಕೊಟ್ಟಿತು. ಮುಂಬಯಿಯ 5ನೆಯ ದೇಶೀ ಪದಾತಿ ದಳದ ಸುಮಾರು 300 ಸಿಪಾಯಿಗಳು ಕ್ಯಾಪ್ಟನ್ ಲೂಯಿಸ್ ಬ್ರೌನ್‌ನ ಕೈಕೆಳಗೆ ಮೇ ತಿಂಗಳಲ್ಲಿ ಕೋಟೆಯನ್ನು ಹೊಕ್ಕರು. ಒಂಟೆಗಳೊಂದಿಗೆ ಮರಳುತ್ತಿದ್ದ ಬೆಂಗಾವಲು ತುಕಡಿ ದಾರಿಯಲ್ಲೇ ನಾಶವಾಯಿತು. ಆಗಸ್ಟ್ 31ರಂದು ನೆರವಿಗೆ ಬಂದ ಪಡೆ ನಫುಸ್ಕ್ ಕಣಿವೆಯಲ್ಲಿ ಬಿಸಿಲು, ಬಾಯಾರಿಕೆ ಮತ್ತು ಮರ್ರಿಗಳ ಏಟಿಗೆ ಸಿಕ್ಕಿ ಹಿಮ್ಮೆಟ್ಟಿದ ಮೇಲೂ ಒಳಗಿದ್ದವರು ಕುಗ್ಗಿದ ಪಡಿಯಲ್ಲಿ ದಿನ ನೂಕುತ್ತ ಕೋಟೆ ಬಿಡಲಿಲ್ಲ. ಕೊನೆಗೆ ಸೆಪ್ಟೆಂಬರ್ 28ರಂದು ಸುರಕ್ಷಿತವಾಗಿ ಹೋಗಗೊಡುವ ಕರಾರಿನ ಮೇಲೆ ಹೊರಬಂದರು; ಮರ್ರಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲವೆಂಬುದೂ ಅಷ್ಟೇ ಗಮನಾರ್ಹ. ಈ ದಳಕ್ಕೆ 1841ರಲ್ಲಿ ಲೈಟ್ ಇನ್‌ಫೆಂಟ್ರಿ, ಎಂದರೆ ಚುರುಕು ನಡೆಯ ಪದಾತಿ, ಎಂಬ ಗೌರವದ ಬಿರುದು ದೊರೆಯಿತು. ಬೆಳಗಾವಿಯಲ್ಲಿ ಕೇಂದ್ರವಿರುವ ಇಂದಿನ ಮರಾಠಾ ಲೈಟ್ ಇನ್‌ಫೆಂಟ್ರಿಯ ಎರಡನೆಯ ಪಟಾಲಮು ಇದೇ ದಳದ ಮುಂದುವರಿಕೆ.

ಸಿಂಧ್ ಗಡಿಯ ಕಾವಲು

1843ರ ಫೆಬ್ರುವರಿ 17ರ ಮಿಯಾನಿ ಕದನದ ನಂತರ ಸಿಂಧ್ ಕಂಪನಿಯ ವಶವಾಗಿ, 1847ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಅದೇ ವರ್ಷ ಮೇಲಣ ಸಿಂಧ್ ಗಡಿಯ ಹೊಣೆ ಹೊತ್ತ ಜಾನ್ ಜೇಕಬ್, ಸೈನಿಕರು ಕೋಟೆಯೊಳಗೆ ಕುಳಿತು ಕಾಯುವ ಪದ್ಧತಿಯನ್ನು ಬಿಡಿಸಿ, ಹಗಲಿರುಳು ಬಯಲಿನಲ್ಲಿ ಗಸ್ತು ತಿರುಗುವ ಕ್ರಮವನ್ನು ಜಾರಿಗೆ ತಂದನು. ಅವನ ಸಿಂಧ್ ಅಶ್ವದಳ ಸಿಲ್ಲೇದಾರ್ ಪದ್ಧತಿಯದು. ಎಂದರೆ ಸವಾರನೇ ತನ್ನ ಕುದುರೆ ಮತ್ತು ಸಾಮಗ್ರಿಯನ್ನು ಒದಗಿಸಿಕೊಂಡು ಅದಕ್ಕೆ ತಕ್ಕ ಸಂಬಳ ಪಡೆಯುತ್ತಿದ್ದನು. ಖಾನ್‌ಗಡ ಎಂಬ ಹಳ್ಳಿ ಅವನ ಹೆಸರಿನಿಂದ ಜೇಕಬಾಬಾದ್ ಪಟ್ಟಣವಾಗಿ ಬೆಳೆಯಿತು.

ಮೈವಂದ್ ಮತ್ತು ಅದರ ಪರಿಣಾಮ

ಎರಡನೆಯ ಅಫ್ಘನ್ ಯುದ್ಧದಲ್ಲಿ (1878–80) ಕಂದಾಹಾರವನ್ನು ಕಾಯುವ ಭಾರ ಮುಂಬಯಿ ಸೇನೆಯ ಪಾಲಿಗೆ ಬಂದಿತು. 1880ರ ಜುಲೈ 27ರಂದು ಮೈವಂದ್ ಬಯಲಿನಲ್ಲಿ ಬ್ರಿಗೇಡಿಯರ್ ಬರೋಸ್‌ನ ಸುಮಾರು 2,500 ಜನರ ಪಡೆ, ಫಿರಂಗಿಬಲದಲ್ಲೂ ಸಂಖ್ಯೆಯಲ್ಲೂ ಬಹಳ ಮೇಲಾಗಿದ್ದ ಅಫ್ಘನ್ ರಾಜಕುಮಾರ ಅಯೂಬ್ ಖಾನನ ಸೈನ್ಯಕ್ಕೆ ಎದುರಾಯಿತು. ಬ್ರಿಟಿಷರ 66ನೆಯ ರೆಜಿಮೆಂಟಿನ ಜೊತೆಗೆ ಮುಂಬಯಿ ಗ್ರೆನೇಡಿಯರ್ಸ್, ಜೇಕಬ್ಸ್ ರೈಫಲ್ಸ್ ಮತ್ತು ಎರಡು ಅಶ್ವದಳಗಳು ಅಲ್ಲಿದ್ದವು. ನೀರಿಲ್ಲದ ಉರಿಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತ ಬಳಿಕ ಎಡಪಾರ್ಶ್ವ ಕುಸಿದು, ಸುಮಾರು ಸಾವಿರ ಮಂದಿ ಸತ್ತರು. ಕಂದಾಹಾರಕ್ಕೆ ಮುತ್ತಿಗೆ ಹಾಕಿದ್ದ ಅಯೂಬ್ ಖಾನನನ್ನು ಸೆಪ್ಟೆಂಬರ್ 1ರಂದು ಜನರಲ್ ರಾಬರ್ಟ್ಸ್‌ನ ಸೇನೆ ಸೋಲಿಸಿತು.

ಸಂಖ್ಯಾಬಲವನ್ನು ಅಂದಾಜಿಸದೆ ಪಡೆಯನ್ನು ಕಳುಹಿಸಿದ ಮೇಲಧಿಕಾರಿಗಳ ತಪ್ಪಿಗೆ ಸಿಪಾಯಿಗಳ ಕುಲವೇ ಹೊಣೆಯೆಂಬ ವಾದ ಮುಂದೆ ಬಲಗೊಂಡಿತು. ಉತ್ತರದ ಕೆಲವು ಜನಾಂಗಗಳು ಮಾತ್ರ ಹುಟ್ಟು ಯೋಧರೆಂಬ ಈ ‘ಯೋಧಕುಲ’ ಸಿದ್ಧಾಂತವನ್ನು ಮಹಾದಂಡನಾಯಕನಾದ ರಾಬರ್ಟ್ಸ್ ಎತ್ತಿಹಿಡಿದನು. 1890ರ ದಶಕದಲ್ಲಿ ಮಹಾರರ ನೇಮಕಾತಿ ನಿಂತಿತು. 1895ರ ಏಪ್ರಿಲ್ 1ರಂದು ಪ್ರಾಂತೀಯ ಸೇನೆಗಳೇ ರದ್ದಾದವು.

ಸ್ಮಾರಕ ಮತ್ತು ಮೌಲ್ಯಮಾಪನ

1847ರಲ್ಲಿ ಅಡಿಗಲ್ಲು ಹಾಕಿ 1858ರ ಜನವರಿ 7ರಂದು ಪ್ರತಿಷ್ಠಾಪಿಸಿದ ಕೊಲಾಬಾದ ಸಂತ ಜಾನರ ಇಗರ್ಜಿ, ಸಿಂಧ್ ಮತ್ತು ಮೊದಲನೆಯ ಅಫ್ಘನ್ ಯುದ್ಧಗಳಲ್ಲಿ ಸತ್ತವರ ಸ್ಮಾರಕವಾದ್ದರಿಂದ ಜನರ ಬಾಯಲ್ಲಿ ಅಫ್ಘನ್ ಚರ್ಚ್ ಎನಿಸಿದೆ. ಅದರ ಗೋಡೆಗಳ ಮೇಲೆ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಸೈನಿಕರನ್ನು ಹೆಸರಿಸದೆ ಒಟ್ಟಾಗಿ ನೆನೆಯಲಾಗಿದೆ. ಆದರೆ ದೂರದ ಗಡಿಯನ್ನು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಕಾದವರು ಈ ಹೆಸರಿಲ್ಲದ ಸಿಪಾಯಿಗಳೇ. ಒಂದು ಕದನದ ಸೋಲನ್ನು ಹಿಡಿದು ಅವರ ಶೌರ್ಯವನ್ನು ಅಳೆದದ್ದು ಅನ್ಯಾಯವೆಂದೇ ಹೇಳಬೇಕು. ಆ ಅನ್ಯಾಯಕ್ಕೆ ಉತ್ತರವೆಂಬಂತೆ, ಡಾ. ಬಿ. ಆರ್. ಅಂಬೇಡ್ಕರ್ ಮೊದಲಾದವರ ಒತ್ತಾಯದ ಫಲವಾಗಿ 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಪಟಾಲಮು ಕಟ್ಟಲ್ಪಟ್ಟದ್ದು ಬೆಳಗಾವಿಯಲ್ಲಿ.